ಯೆರೆಮೀಯನ ಬಾವಿ ಮತ್ತು ಧಾರವಾಡದ ಕಲ್ಯಾಣನಗರ

2025ರ ಆಗಸ್ಟ್ 17, ಸಾಮಾನ್ಯ ಕಾಲದ 20ನೇ ಭಾನುವಾರ. ಅಂದು ನಮ್ಮ ಧರ್ಮಕೇಂದ್ರಗಳಲ್ಲಿ ಬಲಿಪೂಜೆಯ ಮೊದಲ ವಾಚನವಾಗಿ ಓದಲಾದದ್ದು ಪ್ರವಾದಿ ಯೆರೆಮೀಯನ ಗ್ರಂಥದ 38ನೇ ಅಧ್ಯಾಯ. ಜೆರುಸಲೇಮಿನ ಅಧಿಕಾರಿಗಳು ಅರಸ ಚಿದ್ಕೀಯನ ಮುಂದೆ ನಿಂತು, ಈ ಮನುಷ್ಯ ಸೈನಿಕರ ಧೈರ್ಯಗೆಡಿಸುತ್ತಿದ್ದಾನೆ, ಇವನನ್ನು ಬದುಕಲು ಬಿಡಬಾರದು ಎಂದು ಒತ್ತಾಯಿಸುತ್ತಾರೆ. ಅರಸನೋ, ನಿಮ್ಮೆದುರು ನನ್ನದೇನೂ ನಡೆಯದು, ಅವನು ನಿಮ್ಮ ಕೈಯಲ್ಲೇ ಇದ್ದಾನೆ ಎಂದು ಕೈ ತೊಳೆದುಕೊಳ್ಳುತ್ತಾನೆ. ಪ್ರವಾದಿಯನ್ನು ಹಗ್ಗ ಕಟ್ಟಿ ಬಾವಿಗೆ ಇಳಿಸುತ್ತಾರೆ. ಬಾವಿಯಲ್ಲಿ ನೀರಿಲ್ಲ, ಕೆಸರು ಮಾತ್ರ. ಯೆರೆಮೀಯ ಆ ಕೆಸರಿನಲ್ಲಿ ಹೂತುಹೋಗುತ್ತಾನೆ.

ಅದಾಗಿ ಹದಿಮೂರು ದಿನಗಳಿಗೆ, ಅಂದರೆ ಆಗಸ್ಟ್ 30ಕ್ಕೆ, ಧಾರವಾಡದಲ್ಲಿ ಡಾ. ಎಂ.ಎಂ. ಕಲಬುರ್ಗಿಯವರ ಕೊಲೆಗೆ ಹತ್ತು ವರ್ಷ ತುಂಬಿತು. ಈ ಎರಡು ದಿನಾಂಕಗಳು ಹತ್ತಿರ ಬಂದದ್ದು ಕೇವಲ ಪಂಚಾಂಗದ ಕಾಕತಾಳೀಯ. ಆದರೆ ಬೈಬಲ್ ಅನ್ನು ದಿನಪತ್ರಿಕೆಯ ಪಕ್ಕದಲ್ಲಿಟ್ಟು ಓದುವ ಅಭ್ಯಾಸವಿರುವವರಿಗೆ ಇದು ಸುಮ್ಮನೆ ದಾಟಿ ಹೋಗುವ ವಿಷಯವಲ್ಲ ಎಂದು ನಮಗನಿಸುತ್ತದೆ. ಧಾರವಾಡವೆಂದರೆ ಕರಾವಳಿಯ ನಮಗೆ ಘಟ್ಟದ ಮೇಲಿನ ದೂರದ ಊರೇನಲ್ಲ. ಉತ್ತರ ಕನ್ನಡದ ಎಷ್ಟೋ ಕುಟುಂಬಗಳ ಮಕ್ಕಳು ಪದವಿ ಪಡೆದದ್ದು ಅಲ್ಲಿನ ಕರ್ನಾಟಕ ವಿಶ್ವವಿದ್ಯಾಲಯದಿಂದ. ಕಲಬುರ್ಗಿಯವರು ಅದೇ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗದ ಮುಖ್ಯಸ್ಥರಾಗಿದ್ದವರು. ಅವರ ಅಂತ್ಯಕ್ರಿಯೆ ನಡೆದದ್ದೂ ಅದೇ ಆವರಣದಲ್ಲಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಕಲಬುರ್ಗಿಯವರನ್ನು ಪ್ರವಾದಿ ಎಂದು ಕರೆಯುವುದು ನಮ್ಮ ಉದ್ದೇಶವಲ್ಲ. ಅವರು ತಮ್ಮನ್ನು ಹಾಗೆ ಕರೆದುಕೊಳ್ಳಲೂ ಇಲ್ಲ. ಅವರು ಸಂಶೋಧಕರು. ಶಾಸನ, ಹಸ್ತಪ್ರತಿ, ವಚನ, ಇವೇ ಅವರ ಲೋಕ. ಸತ್ತವರನ್ನೆಲ್ಲ ನಮ್ಮ ಧರ್ಮದ ಚೌಕಟ್ಟಿಗೆ ಎಳೆದು ತರುವುದು ಸೌಜನ್ಯವೂ ಅಲ್ಲ. ನಮ್ಮ ಪ್ರಶ್ನೆ ಬೇರೆ. ಒಂದು ಸಮಾಜ ತನಗೆ ರುಚಿಸದ ಮಾತನ್ನು ಹೇಳುವ ತನ್ನವನನ್ನೇ ಹೇಗೆ ನಡೆಸಿಕೊಳ್ಳುತ್ತದೆ? ಆ ವಿಷಯದಲ್ಲಿ ಕ್ರಿಸ್ತಪೂರ್ವ ಆರನೇ ಶತಮಾನದ ಜೆರುಸಲೇಮಿಗೂ ನಮ್ಮ ಕಾಲದ ಹುಬ್ಬಳ್ಳಿ-ಧಾರವಾಡಕ್ಕೂ ಅಂಥ ಅಂತರವೇನೂ ಕಾಣುವುದಿಲ್ಲ.

ಯೆರೆಮೀಯನಿಗೆ ಕಿರುಕುಳ ಕೊಟ್ಟವರು ಯಾರು? ಬಾಬಿಲೋನಿನವರೇ? ಅಲ್ಲವೇ ಅಲ್ಲ! ಜೆರುಸಲೇಮನ್ನು ಗೆದ್ದ ಬಾಬಿಲೋನಿನ ಅರಸ ಈ ಮನುಷ್ಯನಿಗೆ ಕೇಡು ಮಾಡಬೇಡಿ ಎಂದೇ ತನ್ನ ದಳಪತಿಗೆ ಆಜ್ಞೆ ಕೊಟ್ಟಿದ್ದ. ಕೊಲ್ಲಲು ಮೊದಲು ಸಂಚು ಹೂಡಿದವರು ಹುಟ್ಟೂರು ಅನಾತೋತಿನ ಜನ (ಅಧ್ಯಾಯ 11). ಸ್ವಂತ ಅಣ್ಣತಮ್ಮಂದಿರೂ ದ್ರೋಹ ಬಗೆದಿದ್ದಾರೆ ಎಂಬ ಎಚ್ಚರಿಕೆ ಅವನಿಗೆ ಬರುತ್ತದೆ (ಅಧ್ಯಾಯ 12). ಹೊಡೆಸಿ ಕೋಳಕ್ಕೆ ಹಾಕಿಸಿದವನು ಪಷ್ಹೂರ. ಅವನು ಯಾಜಕ, ದೇವಾಲಯದ ಮೇಲ್ವಿಚಾರಕ (ಅಧ್ಯಾಯ 20). ದೇವಾಲಯದ ಬಾಗಿಲಲ್ಲಿ ನಿಂತು ಮಾತಾಡಿದ್ದಕ್ಕೆ ಇವನಿಗೆ ಮರಣದಂಡನೆಯೇ ತಕ್ಕದ್ದು ಎಂದವರು ಯಾಜಕರು ಮತ್ತು ಇತರ ಪ್ರವಾದಿಗಳು (ಅಧ್ಯಾಯ 26). ದೇವಾಲಯ ನಮ್ಮಲ್ಲಿದೆ, ಆದ್ದರಿಂದ ನಾವು ಕ್ಷೇಮ ಎಂದು ನಂಬಿದ್ದವರಿಗೆ ಯೆರೆಮೀಯ ಹೇಳಿದ್ದಿಷ್ಟೇ: ಪರದೇಶಿ, ಅನಾಥ, ವಿಧವೆಯರನ್ನು ತುಳಿಯುತ್ತಾ ಈ ಕಟ್ಟಡವನ್ನು ನೆಚ್ಚಿಕೊಂಡರೆ ಇದು ನಿಮ್ಮನ್ನು ಕಾಯದು. ಭಕ್ತರನ್ನು ಕೆರಳಿಸಲು ಇದಕ್ಕಿಂತ ಹೆಚ್ಚೇನು ಬೇಕು?

ಕಲಬುರ್ಗಿಯವರ ಕಥೆಯೂ ಶುರುವಾಗುವುದು ಹೊರಗಿನವರಿಂದಲ್ಲ. 1938ರಲ್ಲಿ ಆಗಿನ ವಿಜಾಪುರ ಜಿಲ್ಲೆಯ ಸಿಂದಗಿ ತಾಲೂಕಿನಲ್ಲಿ ಹುಟ್ಟಿದ ಅವರು ಲಿಂಗಾಯತ ಪರಂಪರೆಯಲ್ಲೇ ಬೆಳೆದು, ಬದುಕಿನ ಬಹುಭಾಗವನ್ನು ಆ ಪರಂಪರೆಯ ಆಕರಗಳನ್ನು ಕಲೆಹಾಕಲು ವ್ಯಯಿಸಿದರು. ಕರ್ನಾಟಕ ಸರ್ಕಾರ 15 ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನ ಸಂಪುಟದ ಪ್ರಧಾನ ಸಂಪಾದಕರು ಅವರೇ. ಬಸವಣ್ಣನವರ ಮಾತು ಇಂದು ಮನೆಮನೆಗೆ ಶುದ್ಧ ಪಾಠದಲ್ಲಿ ಸಿಗುತ್ತಿದ್ದರೆ ಅದರ ಹಿಂದೆ ಈ ಮನುಷ್ಯನ ಕಣ್ಣು ಬೆನ್ನು ಎರಡೂ ಸವೆದಿವೆ. ಹಾಗಿದ್ದೂ, ‘ಮಾರ್ಗ’ ಮೊದಲ ಸಂಪುಟದ ಲೇಖನಗಳಲ್ಲಿ ಚನ್ನಬಸವಣ್ಣನವರ ಜನನ ಮತ್ತು ಬಸವಣ್ಣನವರ ಕುಟುಂಬದ ಬಗ್ಗೆ ಅವರು ಆಕರಗಳಿಂದ ತೆಗೆದ ತೀರ್ಮಾನಗಳು ಸಮುದಾಯದೊಳಗೇ ದೊಡ್ಡ ಬಿರುಗಾಳಿ ಎಬ್ಬಿಸಿದವು. 1989ರಲ್ಲಿ ಒತ್ತಡಕ್ಕೆ ಮಣಿದು ಅವರು ಬರೆದದ್ದನ್ನು ಹಿಂತೆಗೆದುಕೊಂಡರು. ಕುಟುಂಬದ ಜೀವ ಉಳಿಸಿಕೊಳ್ಳಲು ಹಾಗೆ ಮಾಡಿದೆ, ಆದರೆ ಅಂದು ತಾನು ಬೌದ್ಧಿಕವಾಗಿ ಆತ್ಮಹತ್ಯೆ ಮಾಡಿಕೊಂಡೆ ಎಂದು ಅವರೇ ಆಮೇಲೆ ಹೇಳಿಕೊಂಡರು.

ಇಲ್ಲಿ ತುಸು ನಿಲ್ಲೋಣ. ಪ್ರವಚನಗಳಲ್ಲಿ, ಧ್ಯಾನಕೂಟಗಳಲ್ಲಿ ನಾವು ಕೇಳುವ ಪ್ರವಾದಿಗಳೆಲ್ಲ ಭಯವನ್ನೇ ಅರಿಯದ ಉಕ್ಕಿನ ಮನುಷ್ಯರು. ಯೆರೆಮೀಯನ ಗ್ರಂಥವನ್ನು ನೇರವಾಗಿ ಓದಿದರೆ ಆ ಚಿತ್ರ ನಿಲ್ಲುವುದಿಲ್ಲ. ಅರಸ ಯೆಹೋಯಾಕೀಮನ ಕಾಲದಲ್ಲಿ ಅವನು ಅಡಗಿಕೊಂಡ. ಬಾವಿಯಿಂದ ಮೇಲೆ ಬಂದ ಮೇಲೆ ಅರಸ ಚಿದ್ಕೀಯ ಅವನನ್ನು ಗುಟ್ಟಾಗಿ ಕರೆಸಿ ಮಾತಾಡಿದ. ಅಧಿಕಾರಿಗಳು ಬಂದು ಏನು ಮಾತಾಡಿದಿರಿ ಎಂದು ವಿಚಾರಿಸಿದಾಗ, ಅರಸ ಹೇಳಿಕೊಟ್ಟಷ್ಟನ್ನೇ ಹೇಳಿ ಉಳಿದದ್ದನ್ನು ನುಂಗಿಕೊಂಡ (ಅಧ್ಯಾಯ 38ರ ಕೊನೆ). ಅರ್ಧ ಸತ್ಯ! ಗ್ರಂಥ ಅದನ್ನು ಮುಚ್ಚಿಡುವುದೂ ಇಲ್ಲ, ಅದಕ್ಕಾಗಿ ಅವನನ್ನು ಜರೆಯುವುದೂ ಇಲ್ಲ. 20ನೇ ಅಧ್ಯಾಯದಲ್ಲಿ ಅವನು ದೇವರ ಮೇಲೆಯೇ ಮುನಿಸಿಕೊಳ್ಳುತ್ತಾನೆ, ಇನ್ನು ಈ ಮಾತನ್ನು ಎತ್ತುವುದೇ ಇಲ್ಲ ಎಂದು ನಿರ್ಧರಿಸುತ್ತಾನೆ, ಹುಟ್ಟಿದ ದಿನವನ್ನು ಶಪಿಸುತ್ತಾನೆ. ಆದರೆ ಒಳಗಿರುವ ಬೆಂಕಿಯನ್ನು ತಡೆಹಿಡಿಯಲಾರದೆ ಮತ್ತೆ ಮಾತಾಡುತ್ತಾನೆ. ಧೈರ್ಯ ಎಂದರೆ ಅವನ ಪಾಲಿಗೆ ಹೆದರದೇ ಇರುವುದಲ್ಲ, ಹೆದರಿ ಸುಮ್ಮನಾದವನು ಮತ್ತೆ ಬಾಯಿ ತೆರೆಯುವುದು.

ಸುರುಳಿಯ ಪ್ರಸಂಗವನ್ನೇ ನೋಡಿ. ಯೆರೆಮೀಯ ಹೇಳಿ ಬರೆಸಿದ ಮಾತುಗಳನ್ನು ಚಳಿಗಾಲದ ಅರಮನೆಯಲ್ಲಿ ಅರಸನ ಮುಂದೆ ಓದುತ್ತಾರೆ. ಮೂರು ನಾಲ್ಕು ಅಂಕಣ ಓದಿದಂತೆಲ್ಲ ಅರಸ ಲೇಖಕನ ಚೂರಿಯಿಂದ ಆ ಭಾಗವನ್ನು ಕತ್ತರಿಸಿ ಎದುರಿದ್ದ ಅಗ್ಗಿಷ್ಟಿಕೆಗೆ ಎಸೆಯುತ್ತಾನೆ. ಇಡೀ ಸುರುಳಿ ಬೂದಿ. ಯೆರೆಮೀಯ ಬಾರೂಕನನ್ನು ಕೂರಿಸಿಕೊಂಡು ಮತ್ತೆ ಹೇಳಿ ಬರೆಸುತ್ತಾನೆ, ಮೊದಲಿಗಿಂತ ಹೆಚ್ಚೇ ಬರೆಸುತ್ತಾನೆ (ಅಧ್ಯಾಯ 36). 1989ರ ನಂತರ ಕಲಬುರ್ಗಿಯವರೂ ಬರವಣಿಗೆ ನಿಲ್ಲಿಸಲಿಲ್ಲ. ‘ಮಾರ್ಗ’ದ ಸಂಪುಟಗಳು ಬರುತ್ತಲೇ ಹೋದವು. ನಾಲ್ಕನೆಯದಕ್ಕೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಈ ನಡುವೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳೂ ಆಗಿದ್ದರು.

ಈಗ ನಮಗೆ ಮುಖ್ಯವೆನಿಸಿದ ವಿಷಯಕ್ಕೆ ಬರೋಣ. 26ನೇ ಅಧ್ಯಾಯದಲ್ಲಿ ಇಬ್ಬರು ಪ್ರವಾದಿಗಳಿದ್ದಾರೆ. ಎರಡನೆಯವನ ಹೆಸರು ನಮ್ಮಲ್ಲಿ ಬಹುತೇಕರಿಗೆ ಗೊತ್ತಿಲ್ಲ. ಅವನು ಕಿರ್ಯತ್ಯಾರೀಮಿನ ಊರೀಯ. ಯೆರೆಮೀಯ ಹೇಳಿದ್ದನ್ನೇ ಅವನೂ ಹೇಳಿದ. ಅರಸ ಕೊಲ್ಲಿಸಲು ಹೊರಟಾಗ ಈಜಿಪ್ಟಿಗೆ ಓಡಿದ. ಅಲ್ಲಿಂದಲೂ ಹಿಡಿದು ತರಿಸಿ ಕತ್ತಿಯಿಂದ ಕೊಲ್ಲಿಸಿ, ಹೆಣವನ್ನು ಸಾಮಾನ್ಯ ಜನರ ಸ್ಮಶಾನಕ್ಕೆ ಎಸೆದರು. ಅದೇ ಅರಸ, ಅದೇ ಊರು, ಅದೇ ಸಂದೇಶ. ಒಬ್ಬ ಸತ್ತ, ಒಬ್ಬ ಉಳಿದ. ಯಾಕೆ? ಯೆರೆಮೀಯ ಹೆಚ್ಚು ಧೈರ್ಯಶಾಲಿ ಎಂದೇ? ಅಥವಾ ದೇವರಿಗೆ ಊರೀಯ ಬೇಡವಾದನೇ? ಗ್ರಂಥ ಕೊಡುವ ಕಾರಣ ಬಹಳ ಸರಳ. ಯೆರೆಮೀಯನ ಪರವಾಗಿ ಊರಿನ ಕೆಲವು ಹಿರಿಯರು ಎದ್ದು ನಿಂತು, ಹಿಂದೆ ಅರಸ ಹಿಜ್ಕೀಯನ ಕಾಲದಲ್ಲಿ ಪ್ರವಾದಿ ಮೀಕ ಇದೇ ಮಾತು ಹೇಳಿದ್ದ, ಆಗ ಅವನನ್ನು ಕೊಂದರೇ ಎಂದು ಹಳೆಯ ಉದಾಹರಣೆ ತೆಗೆದರು. ಶಾಫಾನನ ಮಗ ಅಹೀಕಾಮ ಎಂಬ ಪ್ರಭಾವಿ ವ್ಯಕ್ತಿ ಅವನ ಬೆನ್ನಿಗೆ ನಿಂತ. ಊರೀಯನ ಪರ ನಿಂತವರ ಹೆಸರು ಒಂದೂ ಇಲ್ಲ.

ಕಿರುಕುಳದ ಕಥೆಗಳಲ್ಲಿ ನಾವು ಯಾವಾಗಲೂ ಪೀಡಿತನನ್ನು ನೋಡುತ್ತೇವೆ, ಪೀಡಕನನ್ನು ನೋಡುತ್ತೇವೆ. ಫಲಿತಾಂಶ ತೀರ್ಮಾನವಾಗುವುದು ಬಹುಪಾಲು ಮೂರನೆಯವರಿಂದ, ಸುತ್ತ ನಿಂತವರಿಂದ.

ಕಲಬುರ್ಗಿಯವರ ಸುತ್ತ ಯಾರೂ ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ (2018ರಲ್ಲಿ ಲಿಂಗೈಕ್ಯರಾದವರು) ಅವರ ಸಂಶೋಧನೆಗೆ ಆಸರೆಯಾಗಿದ್ದರು. ಒಂದು ಸಮುದಾಯವನ್ನು ಒಂದೇ ಬಣ್ಣದಲ್ಲಿ ಬಳಿಯಬಾರದು ಎಂಬುದಕ್ಕೆ ಇದೊಂದೇ ಸಾಕು. ಆದರೆ 2014ರ ಜೂನ್‌ನಲ್ಲಿ ಬೆಂಗಳೂರಿನ ಸಭೆಯೊಂದರಲ್ಲಿ, ಮೂಢನಂಬಿಕೆ ವಿರೋಧಿ ಮಸೂದೆಯ ಚರ್ಚೆಯ ವೇಳೆ, ಯು.ಆರ್. ಅನಂತಮೂರ್ತಿಯವರ ಬರಹವೊಂದನ್ನು ಉಲ್ಲೇಖಿಸಿ ಅವರು ವಿಗ್ರಹಪೂಜೆಯ ಬಗ್ಗೆ ಆಡಿದ ಮಾತು ಹೊರಬಿದ್ದಾಗ ಗಾಳಿ ಬದಲಾಯಿತು. ಭಾವನೆಗಳಿಗೆ ಧಕ್ಕೆಯಾಯಿತೆಂದು ದೂರು ದಾಖಲಾಯಿತು, ಪ್ರತಿಭಟನೆಗಳಾದವು, ಮನೆಗೆ ಕೆಲಕಾಲ ಪೊಲೀಸ್ ಕಾವಲು ಬಂತು. ಆ ಮಾತು ಒರಟಾಗಿತ್ತು ಎಂದು ನಮಗೂ ಅನಿಸುತ್ತದೆ. ಆದರೆ ಒರಟು ಮಾತಿಗೆ ಉತ್ತರ ಮಾತೇ. ಅದನ್ನು ಅಂದು ಗಟ್ಟಿಯಾಗಿ ಹೇಳಿದವರ ಸಂಖ್ಯೆ ಎಷ್ಟಿತ್ತು?

2015ರ ಆಗಸ್ಟ್ 30, ಭಾನುವಾರ ಬೆಳಿಗ್ಗೆ. ಕಾವಲು ಇರಲಿಲ್ಲ. ಬೈಕಿನಲ್ಲಿ ಬಂದ ಇಬ್ಬರು ಕಲ್ಯಾಣನಗರದ ಮನೆಯಲ್ಲೇ 76 ವರ್ಷದ ಆ ಹಿರಿಯರಿಗೆ ಗುಂಡು ಹಾರಿಸಿ ಹೋದರು. ಅದಕ್ಕೆ ಮೊದಲು 2013ರ ಆಗಸ್ಟ್ 20ರಂದು ಪುಣೆಯಲ್ಲಿ ನರೇಂದ್ರ ದಾಭೋಲ್ಕರ್, 2015ರ ಫೆಬ್ರವರಿಯಲ್ಲಿ ಕೊಲ್ಹಾಪುರದಲ್ಲಿ ಗೋವಿಂದ ಪಾನ್ಸರೆ ಇದೇ ರೀತಿ ಗುಂಡಿಗೆ ಬಲಿಯಾಗಿದ್ದರು. ಅನಂತರ 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್. ಧಾರವಾಡದ ಸುದ್ದಿ ಹರಡಿದ ದಿನವೇ ಕರಾವಳಿಯಿಂದ, ನಮ್ಮದೇ ಬಂಟ್ವಾಳದಿಂದ, ಸಂಘಟನೆಯೊಂದರ ಕಾರ್ಯಕರ್ತ ಟ್ವಿಟರ್‌ನಲ್ಲಿ ಸಂಭ್ರಮಿಸಿ ಮುಂದಿನ ಸರದಿ ಮೈಸೂರಿನ ಪ್ರೊ. ಕೆ.ಎಸ್. ಭಗವಾನ್ ಅವರದು ಎಂದು ಬರೆದ. ಪೊಲೀಸರು ಆತನನ್ನು ಬಂಧಿಸಿದರು. ಕೊಂದವರು ಯಾರೇ ಇರಲಿ, ಕೊಲೆಗೆ ಚಪ್ಪಾಳೆ ತಟ್ಟಲು ಇಷ್ಟು ಹತ್ತಿರದಲ್ಲೇ ಕೈಗಳಿದ್ದವು ಎಂಬುದು ನಮ್ಮನ್ನು ಹೆಚ್ಚು ಕಲಕಿದ ವಿಷಯ.

ಪ್ರಿಯ ಓದುಗರೇ, ಯೆರೆಮೀಯನ ಕಥೆ ಕೇಳುವಾಗ ಕ್ರೈಸ್ತರಾದ ನಾವು ಸಹಜವಾಗಿ ನಮ್ಮನ್ನು ಆ ಬಾವಿಯೊಳಗೆ ಕಲ್ಪಿಸಿಕೊಳ್ಳುತ್ತೇವೆ. ಅದಕ್ಕೆ ಕಾರಣಗಳಿಲ್ಲದಿಲ್ಲ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠಕ್ಕೆ ನುಗ್ಗಿ ಪರಮ ಪ್ರಸಾದವನ್ನು ಅಪವಿತ್ರಗೊಳಿಸಿದ್ದನ್ನು ಮರೆಯುವುದು ಹೇಗೆ? 2021ರ ಅಕ್ಟೋಬರ್ 17ರ ಭಾನುವಾರ ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ ಪ್ರಾರ್ಥನಾ ಸ್ಥಳವೊಂದಕ್ಕೆ ಗುಂಪು ನುಗ್ಗಿ, ಮತಾಂತರದ ಆರೋಪ ಹೊರಿಸಿ, ಅಲ್ಲೇ ಕುಳಿತು ಭಜನೆ ಹಾಡಿತು. ಕೊನೆಗೆ ಬಂಧನವಾದದ್ದು ಪ್ರಾರ್ಥನೆ ನಡೆಸುತ್ತಿದ್ದ ಪಾಸ್ಟರ್ ಅವರದು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮತಾಂತರ ನಿಷೇಧ ಮಸೂದೆ ಬೆಳಗಾವಿಯ ಅಧಿವೇಶನದಲ್ಲಿ ವಿಧಾನಸಭೆಯ ಒಪ್ಪಿಗೆ ಪಡೆದು, 2022ರಲ್ಲಿ ಕಾಯ್ದೆಯಾಯಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ರದ್ದುಪಡಿಸುವ ತೀರ್ಮಾನ ಪ್ರಕಟಿಸಿತು. ಇವೆಲ್ಲ ನಮ್ಮ ಗಾಯಗಳು. ನಿಜ.

ಆದರೆ ಯೆರೆಮೀಯನ ಬಾವಿಯ ಮೇಲೆ ನಿಂತವರಲ್ಲಿ ಭಕ್ತರೇ ಹೆಚ್ಚಿದ್ದರು. 2012ರ ಮಾರ್ಚ್‌ನಲ್ಲಿ ಮುಂಬಯಿಯ ವಿಲೆ ಪಾರ್ಲೆಯ ವೇಲಾಂಕಣ್ಣಿ ಮಾತೆಯ ದೇವಾಲಯದಲ್ಲಿ ಶಿಲುಬೆಯ ಪಾದದಿಂದ ನೀರು ಜಿನುಗಿದಾಗ, ವಿಚಾರವಾದಿ ಸನಲ್ ಎಡಮರುಕು ಅದನ್ನು ಪರಿಶೀಲಿಸಿ, ಕಟ್ಟಿಕೊಂಡ ಚರಂಡಿಯ ನೀರನ್ನು ಗೋಡೆ ಮತ್ತು ಮರ ಹೀರಿ ಮೇಲೆ ತಂದಿವೆ, ಇದರಲ್ಲಿ ಪವಾಡವಿಲ್ಲ ಎಂದರು. ಕಥೋಲಿಕ ಶ್ರೀಸಾಮಾನ್ಯರ ಸಂಘಟನೆಗಳು ಭಾರತೀಯ ದಂಡ ಸಂಹಿತೆಯ 295ಎ ಕಲಮಿನಡಿ ಅವರ ಮೇಲೆ ಪೊಲೀಸ್ ದೂರು ಕೊಟ್ಟವು. ಬಂಧನದ ಭಯದಿಂದ ಆ ವರ್ಷವೇ ಅವರು ಫಿನ್ಲೆಂಡಿಗೆ ಹೋದರು. ಟೀವಿ ಚರ್ಚೆಯಲ್ಲಿ ಅವರು ಧರ್ಮಸಭೆಯ ಬಗ್ಗೆ ಆಡಿದ ಕೆಲವು ಮಾತುಗಳು ಕಟುವಾಗಿದ್ದವು, ಇರಲಿ. ಆದರೆ ಚರಂಡಿಯ ನೀರನ್ನು ಚರಂಡಿಯ ನೀರು ಎಂದು ಹೇಳಿದವನಿಗೆ ಪೊಲೀಸ್ ಠಾಣೆಯ ದಾರಿ ತೋರಿಸುವುದರಿಂದ ನಮ್ಮ ವಿಶ್ವಾಸಕ್ಕೆ ಯಾವ ಬಲ ಬಂತು? ಧಾರವಾಡದ ವಿದ್ವಾಂಸರ ಮೇಲೆ 2014ರಲ್ಲಿ ಎತ್ತಿದ ‘ಭಾವನೆಗೆ ಧಕ್ಕೆ’ ಎಂಬ ಅಸ್ತ್ರವೂ ಇದೇ ಜಾತಿಯದು. 2024ರ ಜುಲೈಯಿಂದ ಅದಕ್ಕೆ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮು ಎಂಬ ಹೊಸ ಹೆಸರು ಬಂದಿದೆ, ಅಷ್ಟೇ. ಇಂದು ನಾವು ಇನ್ನೊಬ್ಬರ ಮೇಲೆ ಎತ್ತುವ ಕಲಮು ನಾಳೆ ನಮ್ಮ ಬೋಧಕರ ಮೇಲೆ, ನಮ್ಮ ಕನ್ಯಾಸ್ತ್ರೀಯರ ಮೇಲೆ ಎತ್ತಲ್ಪಡುತ್ತದೆ. ಎತ್ತಲ್ಪಟ್ಟೂ ಇದೆ.

ಹಾಗಾದರೆ ಧರ್ಮಕೇಂದ್ರದ ಮಟ್ಟದಲ್ಲಿ ನಾವು ಮಾಡಬಹುದಾದದ್ದೇನು? ಇದಕ್ಕೆ ಮತ್ತೆ ಆ ಬಾವಿಯ ಬಳಿಗೆ ಹೋಗಬೇಕು. ಆಗಸ್ಟ್ 17ರ ವಾಚನ ಹತ್ತನೇ ವಚನಕ್ಕೆ, ಪ್ರವಾದಿಯನ್ನು ಮೇಲೆತ್ತಿಸು ಎಂಬ ಅರಸನ ಆಜ್ಞೆಗೆ ಮುಗಿಯುತ್ತದೆ. ಮುಂದಿನ ಮೂರು ವಚನಗಳು ಆ ದಿನದ ವಾಚನದಲ್ಲಿಲ್ಲ. ನಮ್ಮ ದೃಷ್ಟಿಯಲ್ಲಿ ಇಡೀ ಅಧ್ಯಾಯದ ಜೀವ ಇರುವುದೇ ಅಲ್ಲಿ. ಅರಮನೆಯ ಕಂಚುಕಿ ಎಬೆದ್ಮೆಲೆಕ ಆ ನಾಡಿನವನಲ್ಲ, ಕೂಷ್ ದೇಶದವನು, ಅಂದರೆ ಈಜಿಪ್ಟಿನಾಚೆಯ ಆಫ್ರಿಕದವನು. ಅರಸನಲ್ಲಿಗೆ ಹೋಗಿ ಇದು ಅನ್ಯಾಯ ಎಂದು ನೇರವಾಗಿ ಹೇಳಿದವನು ಅವನೊಬ್ಬನೇ. ಅನುಮತಿ ಸಿಕ್ಕಿದೊಡನೆ ಅವನು ಬರಿಯ ಹಗ್ಗ ಹಿಡಿದು ಓಡಲಿಲ್ಲ. ಅರಮನೆಯ ಉಗ್ರಾಣದಿಂದ ಹರಕು ಬಟ್ಟೆ, ಹಳೆಯ ಚಿಂದಿಗಳನ್ನು ಹುಡುಕಿ ತಂದು ಬಾವಿಯೊಳಗೆ ಇಳಿಬಿಟ್ಟು, ಇದನ್ನು ಕಂಕುಳಿಗೆ ಇಟ್ಟುಕೊಂಡು ಅದರ ಮೇಲೆ ಹಗ್ಗ ಹಾಕಿಕೊಳ್ಳಿ ಎಂದ. ಹಸಿದು ಸೊರಗಿದವನ ಚರ್ಮಕ್ಕೆ ಹಗ್ಗ ತಾಗಿ ಕಿತ್ತುಹೋಗಬಾರದಲ್ಲ! ಯೆರೆಮೀಯನ ಬೋಧನೆಯನ್ನು ಈ ಮನುಷ್ಯ ಪೂರ್ತಿ ಒಪ್ಪಿದ್ದನೇ? ಗ್ರಂಥ ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ಒಬ್ಬ ಮನುಷ್ಯ ಕೆಸರಿನಲ್ಲಿ ಸಾಯುತ್ತಿದ್ದಾನೆ ಎಂಬುದಷ್ಟೇ ಅವನಿಗೆ ಸಾಕಾಗಿತ್ತು. ಜೆರುಸಲೇಮ್ ಬಿದ್ದ ದಿನ ನಿನ್ನ ಜೀವ ಉಳಿಯುವುದು ಎಂಬ ವಾಗ್ದಾನ ಪಡೆದವರಲ್ಲಿ ಯಾಜಕರಾಗಲಿ ಅಧಿಕಾರಿಗಳಾಗಲಿ ಇರಲಿಲ್ಲ, ಈ ಹೊರನಾಡಿಗ ಇದ್ದ (ಅಧ್ಯಾಯ 39).

ಹುಬ್ಬಳ್ಳಿ-ಧಾರವಾಡದಲ್ಲಾಗಲಿ ಕರಾವಳಿಯಲ್ಲಾಗಲಿ ನಮ್ಮ ಸಂಖ್ಯೆ ಸಣ್ಣದು. ಆಸ್ಥಾನದಲ್ಲಿ ಕೂಷ್ಯನಿಗಿದ್ದಷ್ಟೇ ನಮ್ಮ ಸ್ಥಾನ. ಕಿರು ಕ್ರೈಸ್ತ ಸಮುದಾಯದ ಕೂಟಗಳಲ್ಲಿ 38ನೇ ಅಧ್ಯಾಯವನ್ನು ಹದಿಮೂರನೇ ವಚನದವರೆಗೆ ಓದಬಹುದು. ಪಕ್ಕದ ಬೀದಿಯ ಮೇಷ್ಟ್ರನ್ನೋ ಬರಹಗಾರನನ್ನೋ ಯಾರೋ ಬೆದರಿಸಿದ್ದಾರೆ ಎಂಬ ಸುದ್ದಿ ಬಂದಾಗ, ಅವರು ಯಾವ ಮತದವರು, ಚರ್ಚಿನ ಬಗ್ಗೆ ಏನು ಬರೆದಿದ್ದಾರೆ ಎಂದು ವಿಚಾರಿಸುವ ಮೊದಲು ಅವರ ಮನೆಗೆ ಹೋಗಿ ಬರಬಹುದು. ಧರ್ಮಕೇಂದ್ರದ ಪಾಲನಾ ಪರಿಷತ್ತು ಎರಡು ಸಾಲಿನ ಖಂಡನಾ ನಿರ್ಣಯವನ್ನು ಪತ್ರಿಕೆಗೆ ಕಳುಹಿಸಬಹುದು. ದೊಡ್ಡ ಕೆಲಸಗಳಲ್ಲ, ಹಳೆಯ ಬಟ್ಟೆಯ ಚೂರುಗಳಷ್ಟೇ.

ಧಾರವಾಡದಲ್ಲಿ ಹಗ್ಗವನ್ನು ಇನ್ನೂ ಬಿಡದೆ ಹಿಡಿದವರು ಕಲಬುರ್ಗಿಯವರ ಪತ್ನಿ ಉಮಾದೇವಿ. ತನಿಖೆ ಮುಂದೆ ಸಾಗದಿದ್ದಾಗ ಅವರು 2018ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2019ರ ಫೆಬ್ರವರಿ 26ರಂದು ನ್ಯಾಯಾಲಯ ತನಿಖೆಯನ್ನು ಗೌರಿ ಲಂಕೇಶ್ ಪ್ರಕರಣದ ವಿಶೇಷ ತನಿಖಾ ತಂಡಕ್ಕೆ ವಹಿಸಿ, ಅದರ ಮೇಲುಸ್ತುವಾರಿಯನ್ನು ಧಾರವಾಡದ ಹೈಕೋರ್ಟ್ ಪೀಠಕ್ಕೆ ಕೊಟ್ಟಿತು. ಆರು ತಿಂಗಳೊಳಗೆ ಆರು ಮಂದಿಯ ಮೇಲೆ ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು. ಅವರಲ್ಲಿ ಹುಬ್ಬಳ್ಳಿಯವರೂ ಇದ್ದಾರೆ. ಆರೋಪ ಸಾಬೀತಾಗುವ ತನಕ ಅವರು ಆರೋಪಿಗಳು ಮಾತ್ರ, ಇದನ್ನೂ ನೆನಪಿಡಬೇಕು. ಪುಣೆಯಲ್ಲಿ ದಾಭೋಲ್ಕರ್ ಪ್ರಕರಣದ ತೀರ್ಪು 2024ರ ಮೇ 10ರಂದು ಬಂತು. ಇಬ್ಬರಿಗೆ ಜೀವಾವಧಿ ಶಿಕ್ಷೆಯಾಯಿತು, ಮೂವರು ಖುಲಾಸೆಯಾದರು. ಧಾರವಾಡದಲ್ಲಿ ಹತ್ತು ವರ್ಷ ತುಂಬಿದ ದಿನಕ್ಕೂ ತೀರ್ಪು ಬಂದಿರಲಿಲ್ಲ.